ಹಿಂದಿನ ಬೆಂಚಿನಿಂದ ಹೇಳಿದ ಮಾತು

ನನ್ನ ಗೆಳತಿ ಎಸ್ತರ್‌ಗೆ ನಾನು ಸುಳ್ಳು ಹೇಳಿದೆ. ಬಾಯಿತಪ್ಪಿ ಬಂದ ಸುಳ್ಳಲ್ಲ, ಯಾರಿಗೋ ಹೆದರಿ ಹೇಳಿದ್ದೂ ಅಲ್ಲ. ಅವಳು ನನ್ನ ಕಿವಿಯನ್ನು ನಂಬಿ ಕೇಳಿದಳು. ನಾನು ಯೋಚಿಸಿ ಹೇಳಿದೆ. ಆ ಮಾತಿನಿಂದ ಅವಳ ಎಡಗೈ ಹಾಳಾಯಿತು. ಅವಳ ವಾದ್ಯ ಹೋಯಿತು. ಅವಳು ಕೂರಬೇಕಿದ್ದ ಕುರ್ಚಿಯಲ್ಲಿ ನಾನು ಹೋಗಿ ಕೂತೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ಬರೆಯುತ್ತ ಹೋದಂತೆ ನನಗೇ ನನ್ನ ಮೇಲೆ ಕನಿಕರ ಹುಟ್ಟಿ ಮಾತು ಮೆತ್ತಗಾಗಿಬಿಡಬಹುದು ಎಂಬ ಭಯ.

ನಾವಿಬ್ಬರೂ ಟ್ರಾಂಬೋನ್ ನುಡಿಸುತ್ತಿದ್ದೆವು. ಮದುವೆ ಬ್ಯಾಂಡಿನಲ್ಲಿ ಒಬ್ಬ ಹಿತ್ತಾಳೆಯ ಉದ್ದನೆ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾನಲ್ಲ, ಅದೇ. ನಮ್ಮದು ಅದರಲ್ಲಿ ದೊಡ್ಡ ಜಾತಿ, ಬೇಸ್ ಟ್ರಾಂಬೋನ್. ಆರ್ಕೆಸ್ಟ್ರಾದಲ್ಲಿ ಎಲ್ಲಕ್ಕಿಂತ ತಳದ ಸ್ವರ ಹಿಡಿಯುವವುಗಳಲ್ಲಿ ಒಂದು. ಹೆಣ್ಣುಮಕ್ಕಳಿಗೆ ಯಾಕಪ್ಪಾ ಇದು ಎಂದು ಎಲ್ಲರೂ ಕೇಳುತ್ತಿದ್ದರು. ನನಗೆ ಸಿಕ್ಕಿದ್ದು ಆಕಸ್ಮಿಕವಾಗಿ — ಶಾಲೆಯ ಬ್ಯಾಂಡಿನಲ್ಲಿ ಯಾರೂ ಮುಟ್ಟದೆ ಉಳಿದ ವಾದ್ಯ ಅದು. ಎಸ್ತರ್‌ಗೆ ಹಾಗಲ್ಲ. ಅವಳಪ್ಪ ಸ್ಯಾಮುವೆಲ್ ಅಂಕಲ್ ಹುಬ್ಬಳ್ಳಿಯವರು, ಚಿಕ್ಕಂದಿನಲ್ಲಿ ಅಲ್ಲಿಯ ಚರ್ಚ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದಿದವರು. ದೆಹಲಿಗೆ ಗುಮಾಸ್ತರಾಗಿ ಬಂದ ಮೇಲೆ ಅದೆಲ್ಲ ನಿಂತುಹೋಗಿತ್ತು. ಮಗಳು ಮೊದಲ ಸಲ ಸ್ವರ ಹಿಡಿದ ದಿನ ಅವರು ಆಫೀಸಿಗೆ ರಜೆ ಹಾಕಿ ಮನೆಯಲ್ಲಿ ಕೂತು ಕೇಳಿದರಂತೆ.

ನಮ್ಮಪ್ಪನೂ ಕೇಂದ್ರ ಸರ್ಕಾರದ ನೌಕರರೇ. ನಾವು ತುಮಕೂರಿನವರು. ಎರಡೂ ಮನೆಗಳು ದೆಹಲಿಯ ಮಯೂರ್ ವಿಹಾರದಲ್ಲಿ, ನಡೆದು ಹೋಗುವಷ್ಟು ಹತ್ತಿರ. ಅವಳಮ್ಮ ಜೋಳದ ರೊಟ್ಟಿ ಮಾಡಿದ ದಿನ ನನಗೆ ಕರೆ ಬರುತ್ತಿತ್ತು. ಶನಿವಾರ, ಭಾನುವಾರ ಥಾಪಾ ಸರ್ ಹತ್ತಿರ ಪಾಠ. ಸೇನೆಯ ಬ್ಯಾಂಡಿನಿಂದ ನಿವೃತ್ತರಾದವರು. ಹೊಗಳಿಕೆ ಎಂದರೆ ಅವರಿಗೆ ತಲೆ ಒಂದು ಸಲ ಅಲ್ಲಾಡಿಸುವುದು. ನನಗೆ ತಲೆ ಅಲ್ಲಾಡಿದ್ದು ಅಪರೂಪ. ಎಸ್ತರ್ ನುಡಿಸುವಾಗ ಅವರು ತಲೆ ಅಲ್ಲಾಡಿಸುವುದನ್ನೇ ಮರೆತು ಕೇಳುತ್ತಿದ್ದರು. ಅವಳು ನನಗಿಂತ ಚೆನ್ನಾಗಿ ನುಡಿಸುತ್ತಿದ್ದಳು. ಇದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ — ಅಥವಾ ಗೊತ್ತಿದ್ದೂ ಅದರಲ್ಲಿ ಅವಳಿಗೆ ವಿಶೇಷ ಕಾಣುತ್ತಿರಲಿಲ್ಲ.

ನಾವು ಕಾಲೇಜು ಮುಗಿಸುವ ವರ್ಷ ಮುಂಬೈನ ಒಂದು ಆರ್ಕೆಸ್ಟ್ರಾ ತರಬೇತಿಗೆ ಕಲಾವಿದರನ್ನು ಆರಿಸುತ್ತದೆ ಎಂದು ಸರ್ ಸುದ್ದಿ ತಂದರು. ಪಿಟೀಲಿನವರಿಗೆ ಸಾಲು ಸಾಲು ಕುರ್ಚಿಗಳಿರುತ್ತವೆ. ಬೇಸ್ ಟ್ರಾಂಬೋನಿಗೆ ಒಂದೇ. ಪರೀಕ್ಷೆಗೆ ಕೊಟ್ಟ ರಚನೆಯಲ್ಲಿ ನಮ್ಮಿಬ್ಬರ ಶಾಲೆಯ ಕಾಲದ ವಾದ್ಯಗಳಲ್ಲಿ ಬರದ ಸ್ವರವೊಂದಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ವಾದ್ಯದ ಇಡೀ ಭಾರ ಎಡಗೈ ಮೇಲೆ. ಬಲಗೈ ಆ ಉದ್ದನೆ ಕೊಳವೆಯನ್ನು, ಸ್ಲೈಡನ್ನು, ಎಳೆಯುವುದಕ್ಕೆ. ಎಡಗೈ ಹೆಬ್ಬೆರಳಿಗೆ ಒತ್ತುವುದಕ್ಕೆ ಒಂದು ಸಣ್ಣ ಪಟ್ಟಿ ಇರುತ್ತದೆ, ಟ್ರಿಗರ್ ಅನ್ನುತ್ತಾರೆ. ಒತ್ತಿದರೆ ಗಾಳಿ ಇನ್ನೊಂದು ಸುತ್ತು ಕೊಳವೆಯಲ್ಲಿ ಹೋಗಿ ಸ್ವರ ಕೆಳಗಿಳಿಯುತ್ತದೆ. ಒಳ್ಳೆಯ ಬೇಸ್ ಟ್ರಾಂಬೋನಿಗೆ ಇಂಥವು ಎರಡು — ಇನ್ನೊಂದು ನಡುಬೆರಳಿಗೆ. ನಮ್ಮವಕ್ಕೆ ಒಂದೇ ಇತ್ತು. ಒಂದೇ ಇದ್ದರೆ ತೀರಾ ತಳದ ಒಂದು ಸ್ವರ ಹುಟ್ಟುವುದೇ ಇಲ್ಲ. ಎಷ್ಟು ಉಸಿರು ಸುರಿದರೂ, ಕೈ ಚಾಚುವಷ್ಟು ಚಾಚಿ ಸ್ಲೈಡ್ ಎಳೆದರೂ. ಹೊಸ ವಾದ್ಯ ಬೇಕು, ಇಬ್ಬರಿಗೂ. ಬೇರೆ ದಾರಿ ಇರಲಿಲ್ಲ.

ನನ್ನ ಸ್ಥಿತಿಯನ್ನೂ ಹೇಳುತ್ತೇನೆ, ನೆಪಕ್ಕಲ್ಲ. ಅಪ್ಪ ನಿವೃತ್ತರಾಗುವವರಿದ್ದರು. ಕ್ವಾರ್ಟರ್ಸ್ ಬಿಟ್ಟು ತುಮಕೂರಿಗೆ ಹೋಗುವುದು ನಿಶ್ಚಯವಾಗಿತ್ತು. "ಮುಂಬೈ ಸಿಕ್ಕರೆ ಹೋಗು, ನಾನು ಬೇಡ ಅನ್ನಲ್ಲ. ಸಿಗದಿದ್ರೆ ನಮ್ಮ ಜೊತೆ ಬಂದು ಬಿ.ಎಡ್. ಮಾಡು," ಅಂದಿದ್ದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಚಳಿಗಾಲದ ಹೊಗೆ ಊರನ್ನು ಮುಚ್ಚಿತ್ತು; ದೊಡ್ಡ ಉಸಿರು ಎಳೆದರೆ ಕೆಮ್ಮು. ಕಿಟಕಿ ಬಾಗಿಲು ಹಾಕಿ, ಸಂದಿಗಳಿಗೆ ಹಳೆ ಸೀರೆ ತುರುಕಿ ಅಭ್ಯಾಸ ಮಾಡುತ್ತಿದ್ದೆ. ಸ್ವರ ಸರಿಯಾಗಿ ಬಾರದಿದ್ದರೆ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದೆ. ಎಸ್ತರ್‌ಗೂ ಅದೇ ಕುರ್ಚಿ ಬೇಕಿತ್ತು. ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರು ಸ್ಟೇಷನ್ನಿಗೆ ಹೋಗಿ ಬೀಳ್ಕೊಡಬೇಕು ಅಂತ ಅವಳು ತಮಾಷೆ ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ.

ಸರ್ ಕಡೆಯಿಂದ ದರಿಯಾಗಂಜ್ ಹತ್ತಿರದ ಒಂದು ಅಂಗಡಿಯಲ್ಲಿ ಎರಡು ಬೇಸ್ ಟ್ರಾಂಬೋನ್ ಇರುವುದು ಗೊತ್ತಾಯಿತು. ಒಂದು ಹೊಸದು, ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಹಳೆಯದು, ಯಾವುದೋ ದೂತಾವಾಸದಲ್ಲಿದ್ದ ವಿದೇಶಿಯೊಬ್ಬ ಊರಿಗೆ ಮರಳುವಾಗ ಮಾರಿ ಹೋದದ್ದಂತೆ. ಕೈ ಹಿಡಿಯುವ ಕಡೆ ಬಣ್ಣ ಹೋಗಿ ಹಿತ್ತಾಳೆ ಕಪ್ಪಾಗಿತ್ತು. ಅಂಗಡಿಯವರು ಸರ್ ಮಾತಿಗೆ ಬೆಲೆಕೊಟ್ಟು ಎರಡನ್ನೂ ಕೆಲವು ದಿನ ಪರೀಕ್ಷೆಗೆ ಒಯ್ಯಲು ಬಿಟ್ಟರು. ತರಲು ಹೋದವಳು ನಾನು. ಎಸ್ತರ್‌ಗೆ ಅವತ್ತು ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಅಂಗಡಿಯಲ್ಲೇ ನಿಂತು ಎರಡನ್ನೂ ಊದಿ ನೋಡಿದೆ. ಹೊಸದು ಗಂಟಲಿಗೆ ಬಟ್ಟೆ ಕಟ್ಟಿದ ಹಾಗೆ, ತಳಕ್ಕೆ ಹೋದಂತೆ ಉಸಿರು ಕಟ್ಟುತ್ತಿತ್ತು. ಟ್ರಿಗರ್‌ಗಳು ಬಿಗಿ, ದೂರ ಬೇರೆ. ಹಳೆಯದು —

ಹಳೆಯದನ್ನು ತುಟಿಗಿಟ್ಟಾಗ ನಾನು ಮೊದಲ ಸಲ ಆ ಇಲ್ಲದ ಸ್ವರವನ್ನು ಕೇಳಿದೆ. ಅದು ಸುಮ್ಮನೆ ಬಂತು. ಕೇಳುವ ಮೊದಲೇ ಎದೆಗೂಡಿನಲ್ಲಿ ಗೊತ್ತಾಯಿತು. ಅಂಗಡಿಯ ಭಯ್ಯಾ ಬಿಲ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಟ್ರಿಗರ್‌ಗಳು ಬೆರಳ ತುದಿಯಲ್ಲೇ, ಹಗುರ. ನನ್ನ ಬೆರಳುಗಳು ಉದ್ದ; ನನಗೆ ಎರಡೂ ಹಿಡಿತಕ್ಕೆ ಸಿಗುತ್ತಿದ್ದವು. ಎಸ್ತರ್‌ದು ಮಗುವಿನ ಕೈ. ಅಂಗೈಗೆ ಅಂಗೈ ಇಟ್ಟು ನೋಡಿದರೆ ಅವಳ ಬೆರಳ ತುದಿ ನನ್ನ ಕೊನೆಯ ಗೆಣ್ಣಿನ ಹತ್ತಿರ ಬರುತ್ತಿತ್ತು. ಅವಳಿಗೆ ಯಾವುದು ಹೊಂದುತ್ತದೆ ಎಂದು ಅಂಗಡಿಯಲ್ಲಿ ನಿಂತಿದ್ದಾಗಲೇ ನನಗೆ ಗೊತ್ತಿತ್ತು. ಅದನ್ನೇ ಇಲ್ಲಿ ಬರೆಯಬೇಕಾಗಿರುವುದು. ಗೊತ್ತಿತ್ತು.

ಮೆಟ್ರೋ ಸ್ಟೇಷನ್ನಿನಲ್ಲಿ ಪೊಲೀಸಿನವರು ಎರಡೂ ಪೆಟ್ಟಿಗೆ ತೆರೆಸಿದರು. ಹೊಸದನ್ನು ನೋಡಿ ವಾಹ್ ಅಂದರು. ಹಳೆಯದನ್ನು ನೋಡಿ ಇದನ್ನು ಕಬಾಡಿಗೆ, ಗುಜರಿಗೆ, ಹಾಕಲು ಒಯ್ಯುತ್ತೀರಾ ಅಂದರು. ನನಗೆ ಆ ಮಾತು ಎಷ್ಟು ಸಂತೋಷ ಕೊಟ್ಟಿತೆಂದರೆ — ಎಸ್ತರ್ ಕೂಡ ಹಾಗೇ ಅಂದುಕೊಳ್ಳಲಿ, ದೇವರೇ, ಎಂದು ಬ್ಲೂ ಲೈನ್ ಉದ್ದಕ್ಕೂ ಬೇಡಿಕೊಂಡೆ.

ಆರಿಸುವ ಹಕ್ಕು ಅವಳದು ಮೊದಲು ಅಂತ ಸರ್ ಹೇಳಿದ್ದರು. ಅವಳು ನನಗಿಂತ ಹಿರಿಯ ಶಿಷ್ಯೆ. ಅವಳು ಬಿಟ್ಟದ್ದು ನನಗೆ. ಆಮೇಲೆ ಅವರು ಕಣ್ಣಿನ ಆಪರೇಷನ್‌ಗೆಂದು ಡೆಹ್ರಾಡೂನಿಗೆ ಮಗನ ಮನೆಗೆ ಹೋದವರು ಮುಂಬೈ ಪರೀಕ್ಷೆ ಮುಗಿಯುವವರೆಗೂ ಮರಳಲಿಲ್ಲ. ಹೋಗುವ ಮುಂಚೆ ಹೇಳಿದ್ದು ಒಂದೇ: "ವಾದ್ಯ ನಿಮ್ಮ ಕಿವಿ ಪಕ್ಕದಲ್ಲೇ ಇರುತ್ತದೆ, ಅದು ಏನು ಹೇಳಿದರೂ ನಂಬಬೇಡಿ. ಸಭಾಂಗಣದ ಕೊನೆಯಲ್ಲಿ ನೀವು ನಂಬುವವರನ್ನು ಕೂರಿಸಿ. ಅವರಿಗೆ ಕೇಳಿಸಿದ್ದೇ ನಿಮ್ಮ ನಾದ."

ಎಸ್ತರ್ ನನ್ನನ್ನು ಕೂರಿಸಿದಳು.

ಅವಳ ಚರ್ಚಿನ ಸಭಾಂಗಣ. ವಾರದ ನಡುವೆ, ಮಧ್ಯಾಹ್ನ, ಯಾರೂ ಇರಲಿಲ್ಲ. "ಕೊನೆ ಬೆಂಚಿಗೆ ಹೋಗಿ ಕೂತ್ಕೋ, ಗೋಡೆ ಕಡೆ ತಿರುಗು," ಅಂದಳು. "ಯಾವುದು ಯಾವುದು ಅಂತ ನಿಂಗೆ ಗೊತ್ತಾಗಬಾರದು. ನೋಡಿದ್ರೆ ಹೊಸದಕ್ಕೇ ಮನಸ್ಸು ಹೋಗುತ್ತೆ. ನಿಜ ಹೇಳ್ಬೇಕು, ಅಚ್ಛಾ?"

ನಾನು ಗೋಡೆಗೆ ಮುಖ ಮಾಡಿ ಕೂತೆ.

ಮೊದಲನೆಯದನ್ನು ನುಡಿಸಿದಳು. ಹಳೆಯದು. ಮೊದಲ ಉಸಿರಿಗೇ ಗೊತ್ತಾಯಿತು. ನಾನು ಅಂಗಡಿಯಲ್ಲಿ ಅದರಿಂದ ತೆಗೆದದ್ದು ಬರಿಯ ಸದ್ದು. ಅವಳ ಕೈಯಲ್ಲಿ ಅದು ಮಾತಾಡಿತು. ಅವಸರವಿಲ್ಲದೆ ಇಳಿಯುತ್ತ ಇಳಿಯುತ್ತ ಅವಳು ಆ ತಳದ ಸ್ವರದ ಮೇಲೆ ನಿಂತಾಗ ನಾನು ಕೂತಿದ್ದ ಬೆಂಚಿನ ಹಲಗೆ ತೊಡೆಯ ಕೆಳಗೆ ಮೆಲ್ಲಗೆ ನಡುಗಿತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಸೌಂದರ್ಯಕ್ಕೆ ಬಂದ ನೀರು ಅಂತ ಹೇಳಿಕೊಳ್ಳಲು ಆಸೆ. ಅಲ್ಲ. ಮುಂಬೈ ಮುಗಿಯಿತು, ಇವಳು ಇದನ್ನು ತೆಗೆದುಕೊಂಡರೆ ನನ್ನದೆಲ್ಲ ಇಲ್ಲಿಗೇ ಮುಗಿಯಿತು ಎಂದು ಬಂದ ನೀರು.

ಆಮೇಲೆ ಎರಡನೆಯದು. ಸ್ವರಗಳ ನಡುವೆ ತೊಡರು. ಒಂದು ಕಡೆ ಬೆರಳು ಎಟುಕದೆ ನಿಲ್ಲಿಸಿ, ಮತ್ತೆ ಶುರು ಮಾಡಿದಳು.

"ಹೇಳು," ಅಂದಳು.

ಗೋಡೆಯಲ್ಲಿ ಸುಣ್ಣ ಎದ್ದು ಬಂದ ಕಡೆ ನೋಡುತ್ತ ಕೂತಿದ್ದೆ. ನಿಜ ಹೇಳಿಬಿಡುವಷ್ಟು ಸಮಯ ಇತ್ತು. ಅವಳು ಅವಸರ ಮಾಡಲಿಲ್ಲ.

"ಮೊದಲನೇದು ತೆಳು, ಎಸ್ತರ್. ಇಲ್ಲಿವರೆಗೆ ಬರೋದೇ ಇಲ್ಲ. ಎರಡನೇದೇ ನಿನ್ನ ನಾದ."

"ಹೌದಾ? ನನಗೆ ಉಲ್ಟಾ ಅನಿಸ್ತು," ಅಂದಳು. "ಈ ಹೊಸದರಲ್ಲಿ ಹೆಬ್ಬೆರಳು ಎಳೀತದೆ ವಿದ್ಯಾ."

"ಹೊಸದಲ್ವಾ, ಬಿಗಿ ಇರುತ್ತೆ. ಅಭ್ಯಾಸ ಆಗುತ್ತೆ."

"ನಿಜ ತಾನೇ?"

"ನಿಜ."

ಅವಳು ಬಂದು ನನ್ನ ಪಕ್ಕ ಕೂತು, ಭುಜಕ್ಕೆ ತಲೆ ಇಟ್ಟು ಹೇಳಿದಳು — ನೀನು ಇರದಿದ್ರೆ ನಾನು ತಪ್ಪು ಆರಿಸ್ತಿದ್ದೆ. ಹೊಸದನ್ನು ಅವಳು ಕೊಂಡಳು, ಹಳೆಯದನ್ನು ನಾನು.

ಸುಳ್ಳು ಅಲ್ಲಿಗೆ ನಿಂತಿದ್ದರೆ ಒಂದು ಮಾತು. ಕ್ಷಣದ ದುರಾಸೆ ಅನ್ನಬಹುದಿತ್ತು. ನಿಲ್ಲಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅದನ್ನು ತಿದ್ದಲು ನನಗೆ ಎಷ್ಟೋ ಸಲ ಅವಕಾಶ ಸಿಕ್ಕಿತು. ಅವಳು ಸರಿಯಾದ ನಾದ ಬರುವವರೆಗೆ ಬಿಡುವವಳಲ್ಲ. ನಾನು ಹೊಗಳಿದ ಆ ನಾದ ತನಗೆ ಕೇಳಿಸುತ್ತಿಲ್ಲವೆಂದರೆ ತಪ್ಪು ತನ್ನದೇ ಎಂದು ಅವಳು ಇನ್ನಷ್ಟು ಹೊತ್ತು ನುಡಿಸಿದಳು. ಒಂದು ಸಂಜೆ ಅವರ ಮನೆಗೆ ಹೋದಾಗ ಬಿಸಿನೀರಿನ ಪಾತ್ರೆಯಲ್ಲಿ ಎಡಗೈ ಅದ್ದಿಕೊಂಡು ಕೂತಿದ್ದಳು. ಹೆಬ್ಬೆರಳಿನ ಬುಡ ಊದಿ ಕೆಂಪಾಗಿತ್ತು.

"ಒಂದು ವಾರ ಬದಲಾಯಿಸಿಕೊಳ್ಳೋಣ್ವಾ?" ಅಂದಳು. "ನಿನ್ನದು ಹಗುರ ಇದೆ. ಊತ ಇಳಿಯೋವರೆಗೆ ಅಷ್ಟೇ."

ನಾನು ಏನು ಹೇಳಿದೆ ಗೊತ್ತೇ? ಈಗ ವಾದ್ಯ ಬದಲಾಯಿಸಿದರೆ ಇಬ್ಬರ ತುಟಿಯ ಹಿಡಿತವೂ ಕೆಡುತ್ತದೆ, ಸರ್ ಬೇಡ ಅಂದಿದ್ದಾರೆ ಅಂದೆ. ಸರ್ ಹಾಗೆ ಹೇಳಿರಲೇ ಇಲ್ಲ. ಒಂದು ವಾರ ಅದು ಅವಳ ಕೈಗೆ ಹೋದರೆ ಅವಳಿಗೆ ಎಲ್ಲ ತಿಳಿದುಹೋಗುತ್ತದೆ ಎಂಬ ಒಂದೇ ಭಯ ನನಗೆ. ಅವಳು, ಹೌದಲ್ವಾ, ಸಾರಿ, ಅಂದಳು. ಸಾರಿ ಅಂದಳು. ನಾನು ಅಲ್ಲೇ ಕೂತು ಅವಳಮ್ಮ ಕೊಟ್ಟ ಚಹಾ ಕುಡಿದೆ.

ಸಭಾಂಗಣದ ಮಾತಿಗಿಂತ ಇದು ದೊಡ್ಡ ಪಾಪ ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಕೈ ಇನ್ನೂ ಚೆನ್ನಾಗಿತ್ತು. ಇಲ್ಲಿ ಊದಿದ ಕೈ ನನ್ನ ಕಣ್ಣೆದುರಿಗೇ ಇತ್ತು.

ಮುಂಬೈಗೆ ರೈಲಿನಲ್ಲಿ ಹೋದೆವು — ಅವಳು, ನಾನು, ಜೊತೆಗೆ ಸ್ಯಾಮುವೆಲ್ ಅಂಕಲ್. ಅಂಕಲ್ ದಾರಿಯುದ್ದಕ್ಕೂ ಹುಬ್ಬಳ್ಳಿಯ ಬ್ಯಾಂಡಿನ ಕಥೆ ಹೇಳಿದರು. ಕ್ರಿಸ್‌ಮಸ್ ಹಿಂದಿನ ಸಂಜೆ ಬೀದಿಬೀದಿ ನುಡಿಸುತ್ತ ಹೋಗುತ್ತಿದ್ದದ್ದು, ಚಳಿಗೆ ಹಿತ್ತಾಳೆ ತುಟಿಗೆ ತಣ್ಣಗೆ ತಾಗುತ್ತಿದ್ದದ್ದು. ಎಸ್ತರ್ ಕೈಗೆ ಪಟ್ಟಿ ಸುತ್ತಿಕೊಂಡಿದ್ದಳು. ಪರೀಕ್ಷೆಗೆ ಅವಳ ಸರದಿ ಮೊದಲು. ನಾನು ಮುಚ್ಚಿದ ಬಾಗಿಲ ಹೊರಗೆ ಕುರ್ಚಿಯಲ್ಲಿದ್ದೆ. ಮೇಲಿನ ಸ್ವರಗಳೆಲ್ಲ ಚೆನ್ನಾಗಿ ಬಂದವು, ಆ ವಾದ್ಯದಲ್ಲೂ. ಆಮೇಲೆ ತಳದ ಭಾಗ. ಇಳಿಯುತ್ತ ಬಂದಳು, ಬಂದಳು — ನಿಂತಿತು. ಮತ್ತೆ ಶುರುವಾಯಿತು, ಅದೇ ಜಾಗದಲ್ಲಿ ನಿಂತಿತು. ಭಾರವಾದದ್ದೇನೋ ಕುರ್ಚಿಗೆ ತಗಲಿದ ಸದ್ದು. ಯಾರೋ ಇಂಗ್ಲಿಷಿನಲ್ಲಿ ಮೃದುವಾಗಿ ಏನೋ ಹೇಳಿದರು.

ಹೊರಗೆ ಬಂದವಳು ಅಳುತ್ತಿರಲಿಲ್ಲ. ಹೆಬ್ಬೆರಳು ಒತ್ತಲು ಹೋದರೆ ಒತ್ತುವುದೇ ಇಲ್ಲ, ಬೇರೆಯವರ ಕೈ ಅನ್ನಿಸಿತು ಅಂದಳು. ತನ್ನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, "ಬಾಯಿ ಒಣಗಿಸಿಕೊಳ್ಳಬೇಡ. ನೀನು ಮಾಡ್ತೀಯ," ಅಂದಳು. ನಾನು ಆ ನೀರು ಕುಡಿದೆ. ಒಳಗೆ ಹೋಗಿ ನುಡಿಸಿದೆ. ಆ ತಳದ ಸ್ವರ, ಅಂಗಡಿಯಲ್ಲಿ ಬಂದ ಹಾಗೆಯೇ, ಸುಮ್ಮನೆ ಬಂತು. ನನ್ನನ್ನು ಆರಿಸಿದರು.

ವಾಪಸ್ಸು ಬರುವ ರೈಲಿನಲ್ಲಿ, ಕೋಟಾ ದಾಟಿದ ಮೇಲೆ, ಅಂಕಲ್ ಮಗಳ ಕಡೆ ನೋಡದೆ ಹೇಳಿದರು: "ನೋವು ಎಲ್ಲಾರಿಗೂ ಇರ್ತದ. ಈ ಹುಡುಗಿಗೆ ಇರಲಿಲ್ಲೇನು? ಇಕಿ ದುಡದಳು. ನೀ ನೆಪ ಹುಡುಕಿದಿ."

ಎಸ್ತರ್ ಕಿಟಕಿಯ ಕಡೆ ತಿರುಗಿದಳು. ನಾನು ಎದುರಿನ ಸೀಟಿನಲ್ಲಿ ಕಿತ್ತಳೆ ಸುಲಿಯುತ್ತಿದ್ದೆ. ಅಂಕಲ್, ಅವಳ ತಪ್ಪಲ್ಲ — ಇಷ್ಟೇ ಮಾತು. ಬಾಯಿಗೆ ಬಂದಿತ್ತು ಕೂಡ. ಕಿತ್ತಳೆಯ ತೊಳೆಯೊಂದನ್ನು ಬಿಡಿಸಿ ಅಂಕಲ್‌ಗೆ ಕೊಟ್ಟೆ. ಅವರು ತೆಗೆದುಕೊಂಡರು.

ಅವಳ ಕೈಗೆ ಆಪರೇಷನ್ ಆಯಿತು. ಹೆಬ್ಬೆರಳಿನಿಂದ ಮಣಿಕಟ್ಟಿಗೆ ಹೋಗುವ ಸ್ನಾಯು ಊದಿ ಸಿಕ್ಕಿಕೊಂಡಿದೆ, ಬೇಗ ಬಂದಿದ್ದರೆ ವಿಶ್ರಾಂತಿಯಲ್ಲೇ ವಾಸಿಯಾಗುತ್ತಿತ್ತು ಅಂದರಂತೆ ಡಾಕ್ಟರು. ಬೇಗ. ಬಿಸಿನೀರಿನ ಪಾತ್ರೆಯ ಸಂಜೆ ನನ್ನ ನೆನಪಿಗೆ ಬಂತು. ಆಪರೇಷನ್ ಆದಮೇಲೂ ಕೈ ಪೂರ್ತಿ ಮರಳಲಿಲ್ಲ. ಇವತ್ತಿಗೂ ಎಡಗೈಯಲ್ಲಿ ಕುಕ್ಕರ್ ಎತ್ತಲಾರಳು. ಆ ಹೊಳೆಯುವ ವಾದ್ಯವನ್ನು ಅವಳು ಒಂದು ಶಾಲೆಗೆ ಕೊಟ್ಟುಬಿಟ್ಟಳು.

ನಾನು ಮುಂಬೈಗೆ ಹೋದೆ. ಅಲ್ಲಿ ಸುಖವಾಗಿದ್ದೆನೇ ಎಂದು ಯಾರಾದರೂ ಕೇಳಬಹುದು. ಇದ್ದೆ. ಅದನ್ನೂ ಮುಚ್ಚಿಡುವುದಿಲ್ಲ. ಮೊದಲ ಕಛೇರಿಯ ದಿನ, ಸುತ್ತ ನೂರು ವಾದ್ಯಗಳ ನಡುವೆ ಕೂತು, ಒಂದು ಗಳಿಗೆಯೂ ಎಸ್ತರ್ ನೆನಪೇ ಆಗಲಿಲ್ಲ. ನೆನಪಾಗಲು ಶುರುವಾದದ್ದು ನಿಧಾನವಾಗಿ — ನನ್ನ ನಾದದಲ್ಲಿ ಏನೋ ಕಡಿಮೆ ಇದೆ ಎಂದು ಅಲ್ಲಿನ ಹಿರಿಯರು ಹೇಳತೊಡಗಿದಾಗ. ಏನು ಕಡಿಮೆ ಎಂದು ಅವರಿಗೆ ಹೇಳಲಾಗಲಿಲ್ಲ. ನನಗೆ ಗೊತ್ತಿತ್ತು. ಅದೇ ವಾದ್ಯದಲ್ಲಿ ಏನೆಲ್ಲ ಬರಬಹುದೆಂದು ನಾನು ಗೋಡೆಗೆ ಮುಖ ಮಾಡಿ ಕೂತು ಕೇಳಿದ್ದೆನಲ್ಲ. ಕೆಲವು ವರ್ಷಗಳ ಮೇಲೆ ಅವರು ನನ್ನ ಒಪ್ಪಂದವನ್ನು ಮುಂದುವರಿಸಲಿಲ್ಲ. ದೆಹಲಿಯ ಕಡೆಗೇ ಮರಳಿದೆ. ಈಗ ಗ್ರೇಟರ್ ನೋಯ್ಡಾದ ಒಂದು ಶಾಲೆಯಲ್ಲಿ ಮಕ್ಕಳ ಬ್ಯಾಂಡ್ ನೋಡಿಕೊಳ್ಳುತ್ತೇನೆ.

ಎಸ್ತರ್ ದೆಹಲಿಯಾಚೆಯ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದಾಳೆ. ಮದುವೆಯಾಗಿಲ್ಲ, ಅಪ್ಪ ಅಮ್ಮನ ಜೊತೆ ಮಯೂರ್ ವಿಹಾರದ ಸೊಸೈಟಿ ಫ್ಲ್ಯಾಟಿನಲ್ಲೇ ಉಳಿದಳು. ದಿನಾ ಅಷ್ಟು ದೂರ ಕ್ಯಾಬಿನಲ್ಲಿ ಹೋಗಿ ಬರುತ್ತಾಳೆ. ನಮ್ಮ ಸ್ನೇಹ ಮುರಿದಿರಲಿಲ್ಲ. ಅದೇ ದೊಡ್ಡ ಹಿಂಸೆ. ನನ್ನ ಕೆಲಸ ಹೋದಾಗ ಮೊದಲು ಮನೆಗೆ ಬಂದವಳು ಅವಳು. ನನಗೆ ಜ್ವರ ಬಂದರೆ ಗಂಜಿ ಕಳಿಸುವವಳು ಅವಳು. ಎಷ್ಟೋ ಸಲ ಹೇಳಲು ಹೊರಟು, ಬೇರೇನೋ ಮಾತಾಡಿ ಎದ್ದು ಬಂದಿದ್ದೇನೆ. ಹೇಳಿದರೆ ಅವಳಿಗೆ ನೋವಾಗುತ್ತದೆ ಎಂದು ಕಾರಣ ಕೊಟ್ಟುಕೊಳ್ಳುತ್ತಿದ್ದೆ. ಅವಳ ನೋವಿನ ಬಗ್ಗೆ ಅಷ್ಟು ಕಾಳಜಿ ನನಗೆ!

ಕಳೆದ ಚಳಿಗಾಲದಲ್ಲಿ ಸ್ಯಾಮುವೆಲ್ ಅಂಕಲ್ ತೀರಿಕೊಂಡರು. ಶ್ವಾಸಕೋಶ ಕೆಟ್ಟಿತ್ತು. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಎಸ್ತರ್ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದಳು: "ಆಸ್ಪತ್ರೆಯಲ್ಲಿ ಕೊನೆಗೊಮ್ಮೆ ಕೇಳಿದರು ವಿದ್ಯಾ — ಒಂದೀಟು ತಡಕೊಂಡಿದ್ರ ಆಗ್ತಿತ್ತಲ್ಲವಾ, ಯಾಕ ಬಿಟ್ಟಿ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೂ ಹಾಗೇ ಅನ್ನಿಸುತ್ತೆ. ನಾನು ಸೋಮಾರಿ ಇದ್ದೆ ಅಂತ."

ಅವಳ ಹತ್ತಿರ ಇರದ ಉತ್ತರ ನನ್ನ ಹತ್ತಿರ ಇತ್ತು. ಇಷ್ಟು ವರ್ಷ ಇತ್ತು.

ಆದರೂ ಅವತ್ತು ಹೇಳಲಿಲ್ಲ. ಹೇಳಲು ಇನ್ನೂ ಕೆಲವು ವಾರ ಬೇಕಾಯಿತು. ನಿದ್ದೆ ಹೋಯಿತು. ತರಗತಿಯಲ್ಲಿ ಮಕ್ಕಳ ಮುಂದೆ ನಿಂತು ಕೈ ಎತ್ತಿದರೆ ತಾಳ ಮರೆಯುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಎದ್ದವಳೇ, ಮುಖ ತೊಳೆದು, ತಿಂಡಿಯನ್ನೂ ತಿನ್ನದೆ ಮಯೂರ್ ವಿಹಾರಕ್ಕೆ ಹೋದೆ. ಎಸ್ತರ್ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಬಲಗೈಯಿಂದ. ಒಳಗೆ ಬಾ ಅಂದಳು. ನಾನು ಅಲ್ಲೇ ನಿಂತೆ. ನಿಂತೇ ಹೇಳಿದೆ. ಅಂಗಡಿ, ಸಭಾಂಗಣ, ಮೊದಲನೆಯದು ಯಾವುದು, ಎರಡನೆಯದು ಯಾವುದು, ನನಗೆ ಕೇಳಿಸಿದ್ದು ಏನು, ನಾನು ಹೇಳಿದ್ದು ಏನು. ಗೊತ್ತಿದ್ದೂ ಹೇಳಿದೆ ಅಂತ. ನಡುವೆ ಅವಳು ಒಂದು ದುಪಟ್ಟಾ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು. ಕ್ಲಿಪ್ ಸಿಕ್ಕಿಸಿದಳು.

"ಒಂದು ವಾರಕ್ಕೆ ಕೊಡು ಅಂತ ಕೇಳಿದ್ದೆ," ಅಂದಳು.

"ಹೌದು."

"ಸರ್ ಬೇಡ ಅಂದಿದ್ದಾರೆ ಅಂದೆ."

"ಸರ್ ಅಂದಿರಲಿಲ್ಲ."

ಅವಳು ಹಗ್ಗ ಹಿಡಿದುಕೊಂಡು ನಿಂತಳು. ಕೆಳಗೆ ತರಕಾರಿ ಭಯ್ಯಾ ಕೂಗುತ್ತ ಹೋದ. ನಾನು ಅವಳು ಬೈಯುವುದನ್ನು ಕಾಯುತ್ತಿದ್ದೆ. ಬೈದರೆ ನನಗೆ ಹಗುರವಾಗುತ್ತಿತ್ತು. ಆ ವಾದ್ಯ ನಿನ್ನದು, ತಂದುಕೊಡುತ್ತೇನೆ ಅಂದೆ — ಇಷ್ಟು ಹೇಳಿದ ಮೇಲೂ ಅಂಥ ಮಾತು ಆಡುವಷ್ಟು ನಾಚಿಕೆಗೇಡಿ. ಅವಳು ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡಳು, ಅಷ್ಟೇ.

"ಅಮ್ಮ ಅಡುಗೆಮನೆಯಲ್ಲಿದ್ದಾಳೆ," ಅಂದಳು ಕೊನೆಗೆ. "ಹೋಗಿ ಅವಳಿಗೆ ಹೇಳು. ನಾನು ಹೇಳಲ್ಲ. ನೀನೇ ಹೇಳು, ಈಗಲೇ."

ಆಂಟಿ ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನಾನೂ ಎದುರು ಕೂತೆ. ಟ್ರಿಗರ್, ನಾದ ಇದೆಲ್ಲ ಅವರಿಗೆ ಅರ್ಥವಾಗುವುದಿಲ್ಲ. ಅದಕ್ಕೆ ಸುತ್ತಿಬಳಸಿ ಹೇಳುವ ದಾರಿಯೂ ನನಗೆ ಉಳಿದಿರಲಿಲ್ಲ. ಆಂಟಿ, ಅವಳ ಕೈಗೆ ಹೊಂದುವ ವಾದ್ಯ ಒಂದಿತ್ತು, ನಾನು ಸುಳ್ಳು ಹೇಳಿ ಅದನ್ನು ತೆಗೆದುಕೊಂಡೆ. ಕೈ ಕೆಡಿಸುವಂಥದ್ದನ್ನು ಅವಳಿಗೆ ಬಿಟ್ಟೆ. ಕೈ ಕೆಡುತ್ತಿರುವುದು ನೋಡಿಯೂ ಸುಮ್ಮನಿದ್ದೆ.

ಅವರು ಸೊಪ್ಪಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡಿದರು. ಬಾಗಿಲಲ್ಲಿ ಎಸ್ತರ್ ನಿಂತಿದ್ದಳು.

"ಹಂಗಂದ್ರ ಇಕಿ ತಾನಾಗಿ ಬಿಟ್ಟಿದ್ದಲ್ಲೇನು?"

"ಅಲ್ಲ ಆಂಟಿ."

"ತಡಕೊಂಡಿದ್ರ ಆಗ್ತಿತ್ತು ಅಂತಿದ್ರು ಅವರು."

"ಆಗ್ತಿರಲಿಲ್ಲ. ಆ ವಾದ್ಯ ಹಿಡಿದು ಅವಳು ಅಷ್ಟು ದಿನ ತಡೆದುಕೊಂಡಿದ್ದೇ ಹೆಚ್ಚು."

ಅವರು ಎದ್ದರು. ಮೊಣಕಾಲಿಗೆ ಕೈಕೊಟ್ಟು, ನಿಧಾನವಾಗಿ. ಮಗಳ ಹತ್ತಿರ ಹೋಗಿ ಆ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ನಿಮ್ಮಪ್ಪ — ಅಂದರು. ಎಸ್ತರ್ ಆಗ ಅತ್ತಳು. ಆಪರೇಷನ್ನಿನ ದಿನ ಅಳದವಳು, ಮುಂಬೈಯಲ್ಲಿ ಅಳದವಳು. ತಾಯಿಯ ಭುಜದ ಮೇಲಿಂದ ನನ್ನನ್ನು ನೋಡಿ, ಲಿಫ್ಟಿನಲ್ಲಿ ಎದುರಾದ ಅಪರಿಚಿತರಿಗೆ ಹೇಳುವ ಹಾಗೆ, ಹಿಂದಿಯಲ್ಲಿ ಹೇಳಿದಳು: "ಆಪ್ ಜಾಯಿಯೇ." ನೀವು ಹೋಗಿ.

ನಾನು ಹೊರಟೆ.

ಆಮೇಲೆ ಅವಳು ಫೋನ್ ಮಾಡಿಲ್ಲ. ಮಾಡಬಾರದು. ಕ್ಷಮೆ ಬೇಡಲು ಹೋದವಳಲ್ಲ ನಾನು, ನಿಜ ಹೇಳಲು ಹೋದವಳು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಸುಳ್ಳು. ಕ್ಷಮೆಗೇ ಹೋಗಿದ್ದೆ. ಸಿಗಲಿಲ್ಲ. ಸಿಕ್ಕಿದ್ದರೆ ಇಷ್ಟೊತ್ತಿಗೆ ಇದನ್ನೂ ಮರೆತು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆನೇನೋ.

ಎಸ್ತರ್ ಶ್ರಮಕ್ಕೆ ಹೆದರಿ ಬಿಟ್ಟಳು ಎಂದು ನಂಬಿದವರು ಇನ್ನೂ ಇದ್ದಾರೆ. ನಮ್ಮಪ್ಪ ಅಮ್ಮ ನಂಬಿದ್ದರು. ಅವರಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ, ಅಪ್ಪ ಫೋನು ಅಮ್ಮನ ಕೈಗೆ ಕೊಟ್ಟರು. ಅವಳ ಚರ್ಚಿನವರಿದ್ದಾರೆ. ಥಾಪಾ ಸರ್ ಇದ್ದಾರೆ — ತುಂಬ ವಯಸ್ಸಾಗಿದೆ, ಡೆಹ್ರಾಡೂನಿನಲ್ಲಿ ಮಗನ ಜೊತೆ. ಈ ಶನಿವಾರ ಬಸ್ಸು ಹತ್ತುತ್ತೇನೆ. ಅವರ ಶಿಷ್ಯೆಯರಲ್ಲಿ ಒಬ್ಬಳು ಎಂಥವಳು ಎಂದು ಅವರಿಗೆ ತಿಳಿಯಬೇಕು, ಇನ್ನೊಬ್ಬಳು ಎಂಥವಳಾಗಿದ್ದಳು ಎಂದೂ.

ಸ್ಯಾಮುವೆಲ್ ಅಂಕಲ್‌ಗೆ ಹೇಳುವ ಕಾಲವೂ ಒಂದಿತ್ತು. ಆ ಕಾಲದಲ್ಲಿ ನಾನು ಅವರ ಪಕ್ಕದಲ್ಲೇ ಕೂತು, ಅವರ ಮನೆಯಲ್ಲಿ ಊಟ ಮಾಡುತ್ತಿದ್ದೆ.